ಏಪ್ರಿಲ್ 3ರ ಮಳೆ ಮಾರ್ಚ್ 4ಕ್ಕೆ ಹೋದ ಬಗೆ: ತಂತ್ರಾಂಶ ನವೀಕರಣದ ನಂತರ ದತ್ತಾಂಶ ಓದುವ ಸ್ಕ್ರಿಪ್ಟ್‌ಗಳು

(ಹಾಸನದಲ್ಲಿ ವಿಜ್ಞಾನ ಅಧ್ಯಾಪಕರು ಮತ್ತು ಸಂಶೋಧನಾ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಪರದೆಯ ಮೇಲಿರುವ ಈ ಗ್ರಾಫನ್ನು ಒಂದು ನಿಮಿಷ ನೋಡಿ. ಇದು ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಜನವರಿಯಿಂದ ಮೇ ತಿಂಗಳವರೆಗೆ ಬಿದ್ದ ಮಳೆಯನ್ನು ದಿನದಿನಕ್ಕೂ ತೋರಿಸುತ್ತದೆ. ತೋಟದಲ್ಲಿ ನಾವು ನಿಲ್ಲಿಸಿರುವ ಸ್ವಯಂಚಾಲಿತ ಮಳೆಮಾಪಕ ಗಂಟೆಗೊಂದು ಸಾಲಿನಂತೆ ಫೈಲಿಗೆ ಬರೆಯುತ್ತದೆ. ಆ ಫೈಲನ್ನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ದತ್ತಾಂಶ ಓದಿ ಲೆಕ್ಕ ಹಾಕಲು ಇರುವ ಪಾಂಡಾಸ್ ಲೈಬ್ರರಿಯ ಮೂಲಕ ಓದಿ, ದಿನದ ಮೊತ್ತ ತೆಗೆದು, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಗ್ರಾಫ್ ಎಳೆಯುವ ಸ್ಕ್ರಿಪ್ಟನ್ನು ಬರೆದವನು ನಾನೇ. ಮಾರ್ಚ್ 4ರ ಜಾಗದಲ್ಲಿ ಒಂದು ಎತ್ತರದ ಗೆರೆ ಕಾಣುತ್ತಿದೆಯಲ್ಲ, ಅದನ್ನು ನಾನು ಆ ವರ್ಷದ ಹೂಮಳೆ ಎಂದು ಗುರುತಿಸಿ, ಮುದ್ರಿಸಿ, ತೋಟದ ಮಾಲೀಕರ ಕೈಗೆ ಕೊಟ್ಟಿದ್ದೆ. ಅವರು ಕನ್ನಡಕ ಏರಿಸಿಕೊಂಡು ನೋಡಿದವರೇ ಹೇಳಿದ ಮಾತು ಇಷ್ಟು: "ಮೇಷ್ಟ್ರೇ, ಮಾರ್ಚ್ ನಾಕಕ್ಕೆ ನಮ್ಮಲ್ಲಿ ಒಂದು ಹನಿನೂ ಬಿದ್ದಿಲ್ಲ. ಹೂಮಳೆ ಆಗಿದ್ದು ರೇವತಿಲಿ."

ಮಲೆನಾಡಿನವರಿಗೆ ಈ ಮಾತಿನ ತೂಕವನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯಿಂದ ಬಂದಿರುವವರಿಗಾಗಿ ಸ್ವಲ್ಪ ಹೇಳುತ್ತೇನೆ. ಬೇಸಿಗೆಯಲ್ಲಿ ಒಣಗಿ ನಿಂತ ಕಾಫಿ ಗಿಡದ ಮೊಗ್ಗು, ಮಾರ್ಚ್–ಏಪ್ರಿಲ್ ಹೊತ್ತಿಗೆ ಇಂಚಿನ ಆಸುಪಾಸು ಮಳೆ ಬಿದ್ದರೆ ಎಚ್ಚೆತ್ತು, ಎಂಟು–ಹತ್ತು ದಿನಗಳಲ್ಲಿ ಅರಳುತ್ತದೆ. ಆ ಮಳೆಯೇ ಹೂಮಳೆ. ಅದು ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಬಂದು, ಹೂವಾದ ಮೇಲೆ ಬೀಳಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಕಾಯಿ ಕಚ್ಚುವುದಿಲ್ಲ. ಹಾಗಾಗಿ ಹೂಮಳೆ ಬಿದ್ದ ದಿನವನ್ನು ತೋಟದವರು ಮರೆಯುವುದಿಲ್ಲ. ಜೊತೆಗೆ ಅವರು ಮಳೆಯನ್ನು ತಾರೀಖಿನಿಂದ ಮಾತ್ರವಲ್ಲ, ನಕ್ಷತ್ರದಿಂದಲೂ ಗುರುತಿಟ್ಟುಕೊಳ್ಳುತ್ತಾರೆ. ರೇವತಿ ಮಳೆ ಶುರುವಾಗುವುದೇ ಮಾರ್ಚ್ ಕೊನೆಗೆ. ಮಾರ್ಚ್ 4 ರೇವತಿಯ ಲೆಕ್ಕಕ್ಕೆ ಬರಲು ಸಾಧ್ಯವೇ ಇಲ್ಲ. ಅವರ ರಿಜಿಸ್ಟರಿನಲ್ಲಿ ಹೂ ಬಿರಿದ ದಿನ ಏಪ್ರಿಲ್ 12 ಎಂದಿತ್ತು. ಮಾರ್ಚ್ 4ರ ಮಳೆಗೆ ಏಪ್ರಿಲ್ 12ರಂದು ಹೂ ಬಿರಿಯುವುದಿಲ್ಲ. ಇಷ್ಟೆಲ್ಲ ಸಾಕ್ಷ್ಯ ಎದುರಿಗಿದ್ದರೂ ನಾನು ಅಂದು ಅದನ್ನು ಒಪ್ಪಲಿಲ್ಲ. ರಿಜಿಸ್ಟರ್ ಬರೆದವರ ಕೈತಪ್ಪಿರಬಹುದು, ಯಂತ್ರ ತಪ್ಪುವುದಿಲ್ಲ ಎಂದುಕೊಂಡು ಹಿಂದಿರುಗಿದೆ. ಅದು ಅನ್ಯಾಯ, ಮತ್ತು ಅದನ್ನು ಸರಿಪಡಿಸಲು ನನಗೆ ತಂತ್ರಾಂಶದ ಒಂದು ನವೀಕರಣ ಬೇಕಾಯಿತು.

ಪಾಂಡಾಸ್ 2.0 ಆವೃತ್ತಿ 2023ರ ಏಪ್ರಿಲ್‌ನಲ್ಲಿ ಬಂತು. ನಾನು ಅದನ್ನು ಹಾಕಿಕೊಂಡು ಎಂದಿನ ಸ್ಕ್ರಿಪ್ಟನ್ನು ಓಡಿಸಿದಾಗ, ಗ್ರಾಫಿನ ಕೆಳಗೆ ದಿನಾಂಕಗಳಿರಬೇಕಾದ ಜಾಗದಲ್ಲಿ ಟಾರು ಬಳಿದಂತೆ ಒಂದು ಕಪ್ಪು ಪಟ್ಟಿ ಕಾಣಿಸಿತು. ಹಿಗ್ಗಿಸಿ ನೋಡಿದರೆ, ಅಲ್ಲಿ ವರ್ಷದ ಪ್ರತಿಯೊಂದು ತಾರೀಖೂ ಒಂದರ ಮೇಲೊಂದು ಅಚ್ಚಾಗಿತ್ತು. ಅಷ್ಟೇ ಅಲ್ಲ, ಅವು ಕಾಲಕ್ರಮದಲ್ಲಿಯೂ ಇರಲಿಲ್ಲ: ಎಲ್ಲ ತಿಂಗಳುಗಳ ಒಂದನೆಯ ತಾರೀಖು ಮೊದಲು, ನಂತರ ಎಲ್ಲ ತಿಂಗಳುಗಳ ಎರಡನೆಯ ತಾರೀಖು, ಹೀಗೆ ನಿಘಂಟಿನ ಪದಗಳಂತೆ ಜೋಡಣೆಯಾಗಿದ್ದವು. ಅಂದರೆ ತಂತ್ರಾಂಶ ಆ ಕಾಲಂ ಅನ್ನು ದಿನಾಂಕವೆಂದು ಭಾವಿಸದೆ ಬರಿಯ ಅಕ್ಷರಗಳೆಂದು ಹಾಗೆಯೇ ಬಿಟ್ಟಿತ್ತು. ಮೊದಲಿಗೆ ನನಗೆ ಬಂದದ್ದು ಸಿಟ್ಟು. ವರ್ಷಗಟ್ಟಲೆ ನಡೆದುಕೊಂಡು ಬಂದದ್ದು ಈಗ ಏಕೆ ಕೆಡಬೇಕು ಎಂಬ ಸಿಟ್ಟು. ನಿಮ್ಮಲ್ಲಿ ಹಲವರು ಅದನ್ನು ಅನುಭವಿಸಿದ್ದೀರಿ ಎಂದು ನಿಮ್ಮ ಮುಖ ನೋಡಿದರೇ ತಿಳಿಯುತ್ತದೆ.

ಈಗ ಒಳಗೆ ನಡೆದದ್ದು ಏನೆಂದು ಬಿಡಿಸಿ ಹೇಳುತ್ತೇನೆ. ನಮ್ಮ ಮಾಪಕ ದಿನಾಂಕವನ್ನು ನಾವು ಬರೆಯುವ ಕ್ರಮದಲ್ಲೇ ಬರೆಯುತ್ತದೆ: ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ. ಪಾಂಡಾಸ್ ಮಾತ್ರ, ನಾವು ಏನನ್ನೂ ಹೇಳದಿದ್ದರೆ, ಅಮೆರಿಕದ ಕ್ರಮದಂತೆ ಮೊದಲ ಅಂಕಿಯನ್ನು ತಿಂಗಳು ಎಂದುಕೊಳ್ಳುತ್ತದೆ. ಹಳೆಯ ಆವೃತ್ತಿಗಳು ಪ್ರತಿ ಸಾಲನ್ನೂ ಬಿಡಿಬಿಡಿಯಾಗಿ ಓದುತ್ತಿದ್ದವು. 13-04 ಎಂದಿದ್ದರೆ, ಹದಿಮೂರನೆಯ ತಿಂಗಳು ಇಲ್ಲವಾದ್ದರಿಂದ ಆ ಒಂದು ಸಾಲಿಗೆ ಮಾತ್ರ ಕ್ರಮವನ್ನು ತಿರುಗಿಸಿ ಏಪ್ರಿಲ್ 13 ಎಂದು ಸರಿಯಾಗಿ ಓದುತ್ತಿದ್ದವು; 03-04 ಎಂದಿದ್ದರೆ ಅಡ್ಡಿಯೇನೂ ಕಾಣದೆ ಮಾರ್ಚ್ 4 ಎಂದು ಓದಿಬಿಡುತ್ತಿದ್ದವು. ಒಂದೇ ಕಾಲಂನಲ್ಲಿ, ಒಂದೇ ಯಂತ್ರ ಬರೆದ ಸಾಲುಗಳಿಗೆ, ಎರಡು ಬೇರೆ ಬೇರೆ ಕ್ರಮಗಳು! 2.0 ಆವೃತ್ತಿ ಈ ರೂಢಿಯನ್ನು ನಿಲ್ಲಿಸಿತು. ಅದು ಮೊದಲ ದಿನಾಂಕವನ್ನು ನೋಡಿ ಒಂದು ಕ್ರಮವನ್ನು ಊಹಿಸುತ್ತದೆ, ಇಡೀ ಕಾಲಂಗೆ ಅದನ್ನೇ ಹಚ್ಚುತ್ತದೆ. ನಮ್ಮ ಫೈಲು ಜನವರಿ 1ರಿಂದ ಶುರುವಾಗುವುದರಿಂದ ಅದು ತಿಂಗಳು ಮೊದಲು ಎಂದು ಊಹಿಸಿತು. ಹನ್ನೆರಡು ದಿನ ಸಾಗಿತು. 13-01 ಬಂದಾಗ ಊಹೆ ಮುರಿದುಬಿತ್ತು. ಆಗ ಅದು ಇಡೀ ಕಾಲಂ ಅನ್ನು ಅಕ್ಷರಗಳಾಗಿಯೇ ಉಳಿಸಿ ಕೈಬಿಟ್ಟಿತು. ಹೊಸ ಆವೃತ್ತಿ ನನ್ನ ಗ್ರಾಫನ್ನು ಕೆಡಿಸಲಿಲ್ಲ. ಅದು ಮೊದಲಿನಿಂದಲೂ ಕೆಟ್ಟಿದ್ದುದನ್ನು ಕಾಣುವಂತೆ ಮಾಡಿತು. ಹಳೆಯ ಸಾಲಿನ ಕೊನೆಯ ಕೆಲವು ಆವೃತ್ತಿಗಳು ಈ ಬಗ್ಗೆ ಎಚ್ಚರಿಕೆಯ ಸಂದೇಶವನ್ನೂ ಕೊಡುತ್ತಿದ್ದವು. ನಾನು ಸ್ಕ್ರಿಪ್ಟಿನ ತಲೆಯಲ್ಲೇ ಎಚ್ಚರಿಕೆಗಳನ್ನು ಮುಚ್ಚಿಡುವ ಒಂದು ಸಾಲನ್ನು ಬರೆದಿಟ್ಟಿದ್ದೆ. ಆ ಸಾಲು ನಿಮ್ಮ ಸ್ಕ್ರಿಪ್ಟಿನಲ್ಲೂ ಇದ್ದರೆ ಇಂದೇ ತೆಗೆಯಿರಿ.

ಈ ತಪ್ಪಿನ ಗಾತ್ರವನ್ನು ಕಾಗದದ ಮೇಲೆ ಲೆಕ್ಕ ಹಾಕೋಣ. ಪ್ರತಿ ತಿಂಗಳ ಮೊದಲ 12 ದಿನಗಳು ಅದಲುಬದಲಾಗುವ ಅಪಾಯದಲ್ಲಿವೆ. ವರ್ಷಕ್ಕೆ 144 ದಿನಗಳಾದವು. ಇವುಗಳಲ್ಲಿ ಜನವರಿ 1, ಫೆಬ್ರವರಿ 2, ಮಾರ್ಚ್ 3 ಇಂಥ 12 ದಿನಗಳು ಅದಲಾದರೂ ಅವೇ ಆಗಿರುತ್ತವೆ. ಉಳಿದದ್ದು 132. ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ದಿನಗಳ ಮಳೆ ತನ್ನ ಜಾಗದಲ್ಲಿ ಇರಲಿಲ್ಲ. ಆದರೂ ನಾನು ಪ್ರತಿ ವರ್ಷ ಮಾಡುತ್ತಿದ್ದ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಲಿಲ್ಲ. ಏಕೆಂದರೆ ನಾನು ನೋಡುತ್ತಿದ್ದುದು ಸಾಲುಗಳ ಸಂಖ್ಯೆ ಮತ್ತು ವರ್ಷದ ಒಟ್ಟು ಮಳೆ. ದಿನಗಳು ಜಾಗ ಬದಲಿಸಿಕೊಂಡರೆ ಒಟ್ಟು ಮೊತ್ತ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ತಿಂಗಳ ಮೊತ್ತವನ್ನು ನೋಡಿದ್ದರೆ ತಿಳಿಯುತ್ತಿತ್ತು.

ಗ್ರಾಫನ್ನೇ ಸರಿಯಾಗಿ ನೋಡಿದ್ದರೂ ತಿಳಿಯುತ್ತಿತ್ತು. ಮತ್ತೆ ಪರದೆಯ ಕಡೆ ನೋಡಿ. ಜನವರಿಯಲ್ಲಿ 6, 7, 8ನೆಯ ತಾರೀಖುಗಳಲ್ಲಿ ಗೆರೆಗಳಿವೆ. ಫೆಬ್ರವರಿಯಲ್ಲಿಯೂ 6, 7, 8. ಮಾರ್ಚ್‌ನಲ್ಲಿಯೂ ಅವೇ. ಜುಲೈ 1ರ ಮಳೆ ಜನವರಿ 7ಕ್ಕೆ ಹೋಗಿದೆ, ಜುಲೈ 2ರದು ಫೆಬ್ರವರಿ 7ಕ್ಕೆ, ಜುಲೈ 3ರದು ಮಾರ್ಚ್ 7ಕ್ಕೆ. ಮುಂಗಾರಿನ ಆರಿದ್ರಾ ಮಳೆಯನ್ನು ತಂತ್ರಾಂಶ ಬೇಸಿಗೆಯ ತಿಂಗಳುಗಳಿಗೆ ಸಮನಾಗಿ ಹಂಚಿಬಿಟ್ಟಿದೆ. ಅದಕ್ಕೆ ಬದಲಾಗಿ ಒಣ ಜನವರಿ 7, ಒಣ ಫೆಬ್ರವರಿ 7 ಇವೆಲ್ಲ ಜುಲೈ ಮೊದಲ ವಾರಕ್ಕೆ ಹೋಗಿ ಕೂತಿವೆ. ಸಕಲೇಶಪುರದಲ್ಲಿ ಜುಲೈ ಮೊದಲ ವಾರ ಒಣಗಿರುವ ಗ್ರಾಫನ್ನು ಕಂಡೂ ನಾನು ಪ್ರಶ್ನಿಸಿರಲಿಲ್ಲ. ಮಳೆಯ ಲೆಕ್ಕ ಈಚೆಗೆ ತಪ್ಪುತ್ತಿದೆ, ಹವಾಮಾನ ಬದಲಾಗುತ್ತಿದೆ ಎಂಬ ಮಾತು ಎಲ್ಲ ಕಡೆ ಕೇಳುತ್ತಿದ್ದುದರಿಂದ, ಫೆಬ್ರವರಿಯ ಆ ಗೆರೆಗಳನ್ನು ಅಕಾಲ ಮಳೆಯೆಂದು ನಂಬಿ, ಒಂದು ಟಿಪ್ಪಣಿಯಲ್ಲಿ ಹಾಗೆಂದು ಬರೆದೂ ಇದ್ದೆ. ಹವಾಮಾನ ಬದಲಾವಣೆ ಗಂಭೀರವಾದ ವಿಷಯ. ಅದಕ್ಕೆ ಸುಳ್ಳು ಸಾಕ್ಷಿಯೊಂದನ್ನು ನಾನು ಸೇರಿಸಿದ್ದೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಪರಿಹಾರ ಸಣ್ಣದು. ದಿನಾಂಕದ ರೂಪ ಹೀಗೇ ಇದೆ, ದಿನ ಎರಡು ಅಂಕಿ, ತಿಂಗಳು ಎರಡು ಅಂಕಿ, ವರ್ಷ ನಾಲ್ಕು ಅಂಕಿ ಎಂದು ಸ್ಕ್ರಿಪ್ಟಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ದಿನ ಮೊದಲು ಎಂಬ ಒಂದು ಸೌಲಭ್ಯವೂ ಪಾಂಡಾಸ್‌ನಲ್ಲಿದೆ, ಆದರೆ ಅದು ಒಲವನ್ನು ಸೂಚಿಸುತ್ತದೆಯೇ ಹೊರತು ಕಟ್ಟುನಿಟ್ಟಾದ ನಿಯಮವನ್ನಲ್ಲ. ಆದ್ದರಿಂದ ಪೂರ್ಣ ರೂಪವನ್ನೇ ಬರೆಯುವುದು ಕ್ಷೇಮ. ಹೊಸ ಆವೃತ್ತಿ ಎಲ್ಲವನ್ನೂ ತಾನೇ ಹಿಡಿದುಕೊಡುತ್ತದೆ ಎಂದೂ ಭಾವಿಸಬೇಡಿ. ನಿಮ್ಮ ಫೈಲಿನಲ್ಲಿ ತಿಂಗಳ ಮೊದಲ ಹತ್ತು ದಿನಗಳ ದತ್ತಾಂಶ ಮಾತ್ರ ಇದ್ದರೆ ಊಹೆ ಎಲ್ಲಿಯೂ ಮುರಿಯುವುದಿಲ್ಲ, ಯಾವ ದೂರೂ ಬರುವುದಿಲ್ಲ, ಎಲ್ಲ ದಿನಗಳೂ ಶಿಸ್ತಾಗಿ ತಪ್ಪು ತಿಂಗಳಿಗೆ ಹೋಗುತ್ತವೆ.

ದೂರು ಬಾರದೆ ತಪ್ಪುವುದರ ಇನ್ನೊಂದು ಉದಾಹರಣೆ ನ್ಯೂಪ್ಲಾಟ್‌ನದು. ಭೌತಶಾಸ್ತ್ರದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವರಿಗೆ ಅದರ ಪರಿಚಯವಿದೆ; 1986ರಿಂದ ಇರುವ, ಗ್ರಾಫ್ ಎಳೆಯುವ ತಂತ್ರಾಂಶ. ನಿವೃತ್ತರಾದ ಸಹೋದ್ಯೋಗಿಯೊಬ್ಬರು ಬರೆದಿಟ್ಟ ಒಂದು ಸ್ಕ್ರಿಪ್ಟ್ ನಮ್ಮಲ್ಲಿತ್ತು. ಇನ್ನೊಂದು ಮಾಪಕ ಕಾಲವನ್ನು 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ ಬರೆಯುತ್ತಿತ್ತು, ಸ್ಕ್ರಿಪ್ಟ್ ಅದರಿಂದ 946665000 ಎಂಬ ಸಂಖ್ಯೆಯನ್ನು ಕಳೆಯುತ್ತಿತ್ತು. ಏಕೆ ಕಳೆಯಬೇಕು ಎಂದು ಎಲ್ಲಿಯೂ ಬರೆದಿರಲಿಲ್ಲ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ನವೀಕರಿಸಿದಾಗ ನ್ಯೂಪ್ಲಾಟ್ 4ರ ಜಾಗಕ್ಕೆ 5 ಬಂತು. ಗ್ರಾಫ್ ಎಂದಿನಂತೆ ಬಂತು. ಅಡ್ಡಗೆರೆಯಲ್ಲಿ ದಿನ ಮತ್ತು ತಿಂಗಳು ಮಾತ್ರ ಅಚ್ಚಾಗುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಎರಡು ಮಾಪಕಗಳ ಗ್ರಾಫನ್ನು ಪಕ್ಕಪಕ್ಕ ಇಟ್ಟಾಗ ಮಾತ್ರ, ಇದರಲ್ಲಿ ಪ್ರತಿ ಮಳೆಯೂ ಒಂದು ದಿನ ತಡವಾಗಿ ಬಿದ್ದಂತೆ ಕಂಡಿತು.

ಕಾರಣ ಇದು. ನ್ಯೂಪ್ಲಾಟ್ 4 ತನ್ನೊಳಗೆ ಕಾಲವನ್ನು 2000ನೆಯ ಇಸವಿಯ ಜನವರಿ 1ರಿಂದ ಎಣಿಸುತ್ತಿತ್ತು. 5ರಿಂದ 1970ರ ಜನವರಿ 1ರಿಂದ ಎಣಿಸುತ್ತದೆ. ಇವೆರಡರ ನಡುವಿನ ಅಂತರ 10957 ದಿನ, ಸೆಕೆಂಡುಗಳಲ್ಲಿ 946684800. ಹಳೆಯ ಆವೃತ್ತಿಯಲ್ಲಿ ಅದನ್ನು ಕಳೆಯಲೇಬೇಕಿತ್ತು. ಹೊಸದರಲ್ಲಿ ಕಳೆದರೆ ಮೂವತ್ತು ವರ್ಷ ಹಿಂದಕ್ಕೆ ಹೋಗುತ್ತೇವೆ. 2021ರ ಜೂನ್ 15 ಎಂಬುದು 1991ರ ಜೂನ್ 16 ಆಗುತ್ತದೆ. ಹದಿನೈದು ಹದಿನಾರಾದದ್ದು ಅಧಿಕ ದಿನಗಳಿಂದ: 1970ರಿಂದ 2000ದ ನಡುವೆ ಏಳು ಫೆಬ್ರವರಿ 29ಗಳಿವೆ, 1991ರಿಂದ 2021ರ ನಡುವೆ ಎಂಟು. ವರ್ಷ ಅಚ್ಚಾಗಿದ್ದರೆ ಮೊದಲ ನೋಟಕ್ಕೇ ತಪ್ಪು ಗೊತ್ತಾಗುತ್ತಿತ್ತು.

ಹಾಗಾದರೆ ಸ್ಕ್ರಿಪ್ಟಿನಲ್ಲಿದ್ದ ಸಂಖ್ಯೆ 946684800 ಅಲ್ಲವಲ್ಲ ಎಂದು ಲೆಕ್ಕ ಬಲ್ಲವರು ಕೇಳಬೇಕು. ಎರಡರ ವ್ಯತ್ಯಾಸ 19800, ಅಂದರೆ ಐದೂವರೆ ಗಂಟೆ. ಭಾರತೀಯ ಕಾಲಮಾನಕ್ಕೆ ತರಲು ಕೂಡಿಸಬೇಕಾದದ್ದನ್ನು ಸ್ಕ್ರಿಪ್ಟ್ ಬರೆದ ಆ ಸಹೋದ್ಯೋಗಿ ಅದೇ ಸಂಖ್ಯೆಯೊಳಗೆ ಸೇರಿಸಿಬಿಟ್ಟಿದ್ದರು. ಹೊಸ ಆವೃತ್ತಿಗೆ ಹೊಂದಿಸಲು ಆ ಕಳೆಯುವ ಭಾಗವನ್ನು ಪೂರ್ತಿ ತೆಗೆದಿದ್ದರೆ ವರ್ಷ ಸರಿಹೋಗಿ ಗಂಟೆ ಕೆಡುತ್ತಿತ್ತು. ಮಾಡಬೇಕಾದದ್ದು ಅದನ್ನು ತೆಗೆದು 19800 ಕೂಡಿಸುವುದು. ಗಂಟೆ ಕೆಟ್ಟರೆ ಏನಾಯಿತು ಎನ್ನಬೇಡಿ. ನಮ್ಮ ದೇಶದಲ್ಲಿ ಹವಾಮಾನ ಇಲಾಖೆ ಮಳೆಯ ದಿನವನ್ನು ಬೆಳಗಿನ 8.30ರಿಂದ ಮರುದಿನ ಬೆಳಗಿನ 8.30ರವರೆಗೆ ಎಣಿಸುತ್ತದೆ. ಹೂಮಳೆ ಸಾಮಾನ್ಯವಾಗಿ ಸಂಜೆಯ ಗುಡುಗಿನೊಡನೆ ಬರುವಂಥದು, ಮುಂಗಾರು ರಾತ್ರಿಯಿಡೀ ಹೊಯ್ಯುವಂಥದು. ಐದೂವರೆ ಗಂಟೆ ಆಚೀಚೆಯಾದರೆ ಮಳೆ ಇನ್ನೊಂದು ದಿನದ ಲೆಕ್ಕಕ್ಕೆ ಹೋಗುತ್ತದೆ. ಆ ಹಿರಿಯರನ್ನು ನಾನು ದೂರುವುದಿಲ್ಲ. ಅವರ ಲೆಕ್ಕ ಅವರ ಕಾಲಕ್ಕೆ ಪೂರ್ತಿ ಸರಿಯಾಗಿತ್ತು. ಇಂಥ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಒಂದು ಸಾಲು ಟಿಪ್ಪಣಿ ಬರೆಯುವ ರೂಢಿಯನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕು.

ಇನ್ನು, ಓಡಿಸಿದೊಡನೆ ನಿಂತುಬಿಡುವ ತೊಂದರೆಗಳ ಬಗ್ಗೆ. ಹೆಸರು ಬದಲಾದ ಆಜ್ಞೆ, ತೆಗೆದುಹಾಕಿದ ಸೌಲಭ್ಯ, ಇವು ಸುಲಭ. ತಂತ್ರಾಂಶವೇ ಯಾವ ಸಾಲು ಎಂದು ಹೇಳುತ್ತದೆ. ಆದರೆ ಅಲ್ಲಿಯೂ ಹೆಸರನ್ನಷ್ಟೇ ಬದಲಿಸಿ ಮುಂದೆ ಹೋಗಬೇಡಿ. ಕೆಟ್ಟ ಸಾಲುಗಳು ಬಂದರೆ ಹಾರಿಸಿ ಮುಂದೆ ಹೋಗು ಎಂದು ಹೇಳಲು ಹಳೆಯ ಪಾಂಡಾಸ್‌ನಲ್ಲಿ ಎರರ್ ಬ್ಯಾಡ್ ಲೈನ್ಸ್ ಎಂಬ ಆಯ್ಕೆ ಇತ್ತು. 2.0ರಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅದರ ಬದಲಿಗೆ ಬಂದಿರುವ ಆನ್ ಬ್ಯಾಡ್ ಲೈನ್ಸ್ ಎಂಬುದಕ್ಕೆ ಹಾರಿಸು, ಎಚ್ಚರಿಸು, ನಿಲ್ಲಿಸು ಎಂದು ಬೇಕಾದದ್ದನ್ನು ಹೇಳಬಹುದು. ನಾನು ಹಾರಿಸು ಎಂದು ಬರೆಯಲು ಹೊರಟವನು, ಒಮ್ಮೆ ನೋಡೋಣ ಎಂದು ಎಚ್ಚರಿಸು ಎಂದು ಬರೆದೆ. ಹಾರಿಹೋಗುತ್ತಿದ್ದ ಸಾಲುಗಳ ಪಟ್ಟಿ ಪರದೆಯ ಮೇಲೆ ಬಂತು. ಅವುಗಳಲ್ಲಿ ಹೆಚ್ಚಿನವು ಏಪ್ರಿಲ್ ಮತ್ತು ಮೇ ತಿಂಗಳ ಸಂಜೆಯವು. ಕರೆಂಟ್ ಹೋಗಿ ಬಂದಾಗ ನಮ್ಮ ಮಾಪಕ ತಾನು ಮರಳಿ ಶುರುವಾದ ಗುರುತನ್ನು ಸಾಲಿನ ಕೊನೆಗೆ ಒಂದು ಹೆಚ್ಚಿನ ಅಲ್ಪವಿರಾಮದೊಡನೆ ಸೇರಿಸುತ್ತದೆ. ಹೆಚ್ಚಿನ ಕಾಲಂ ಕಂಡ ಪಾಂಡಾಸ್ ಆ ಸಾಲನ್ನು ಎಸೆಯುತ್ತಿತ್ತು. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಯಾವಾಗ? ಗುಡುಗು–ಸಿಡಿಲು, ಗಾಳಿ–ಮಳೆ ಬಂದಾಗ. ಹಾಗಾಗಿ ಎಸೆಯಲ್ಪಟ್ಟ ಸಾಲುಗಳಲ್ಲೇ ಮಳೆ ಇತ್ತು. ಆ ಗುರುತಿಗೆಂದು ಒಂದು ಕಾಲಂ ಹೆಸರನ್ನು ಹೆಚ್ಚಾಗಿ ಕೊಟ್ಟ ಮೇಲೆ ಸಾಲುಗಳು ಉಳಿದವು.

ಖಾಲಿ ಜಾಗಗಳ ವಿಷಯವನ್ನೂ ಇಲ್ಲೇ ಸೇರಿಸುತ್ತೇನೆ. ಮಾಪಕ ದುರಸ್ತಿಗೆ ಹೋಗಿ ಒಂದು ತಿಂಗಳು ಪೂರ್ತಿ ದತ್ತಾಂಶವೇ ಇಲ್ಲದಿದ್ದರೆ ಆ ತಿಂಗಳ ಮೊತ್ತವೆಷ್ಟು? 2017ರ ಕೊನೆಗೆ ಬಂದ ಪಾಂಡಾಸ್ 0.22ರಿಂದ ಅದಕ್ಕೆ ಉತ್ತರ ಸೊನ್ನೆ. ಅದಕ್ಕೆ ಹಿಂದಿನ 0.21ರಲ್ಲಿ ಉತ್ತರವೂ ಖಾಲಿಯೇ. ಮಳೆ ಬಿದ್ದಿಲ್ಲ ಎಂಬುದಕ್ಕೂ ಮಳೆ ಅಳೆದಿಲ್ಲ ಎಂಬುದಕ್ಕೂ ಇರುವ ಅಂತರ ಅರಸೀಕೆರೆಯ ರೈತರಿಗೆ ಬೆಳೆ ಪರಿಹಾರದ ಪ್ರಶ್ನೆಯಾಗಬಹುದು. ಮೊತ್ತ ತೆಗೆಯುವಾಗ ಕನಿಷ್ಠ ಒಂದಾದರೂ ಅಳತೆ ಇರಬೇಕೆಂಬ ಷರತ್ತನ್ನು ಸೇರಿಸಿದರೆ ಖಾಲಿ ಖಾಲಿಯಾಗಿಯೇ ಉಳಿಯುತ್ತದೆ.

ಈಗ ನಾನು ಅನುಸರಿಸುವ ರೀತಿಯನ್ನು ಹೇಳುತ್ತೇನೆ. ಹಳೆಯ ಆವೃತ್ತಿಯನ್ನು ಅಳಿಸಿ ಹೊಸದನ್ನು ಹಾಕುವುದಿಲ್ಲ. ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಅದೇ ಕಂಪ್ಯೂಟರಿನಲ್ಲಿ ಹೊಸ ಆವೃತ್ತಿಗೆ ಪ್ರತ್ಯೇಕ ಜಾಗ, ಮಾಡಿ ಎರಡನ್ನೂ ಇಟ್ಟುಕೊಳ್ಳುತ್ತೇನೆ. ದೊಡ್ಡ ಜಿಗಿತಕ್ಕೆ ಮೊದಲು ಹಳೆಯ ಸಾಲಿನ ಕೊನೆಯ ಆವೃತ್ತಿಗೆ ಬಂದು ನಿಲ್ಲುತ್ತೇನೆ, ಪಾಂಡಾಸ್‌ಗೆ ಅದು 1.5, ಮುಂದೆ ಏನೇನು ಹೋಗಲಿದೆ ಎಂಬುದನ್ನು ಆ ಆವೃತ್ತಿ ಎಚ್ಚರಿಕೆಗಳಲ್ಲಿ ತಾನೇ ಹೇಳುತ್ತದೆ. ನಮ್ಮಲ್ಲಿ ಹತ್ತೇ ಸಾಲುಗಳ ಒಂದು ಫೈಲಿದೆ. ಅದರಲ್ಲಿ ಏಪ್ರಿಲ್ 3 ಇದೆ, ಏಪ್ರಿಲ್ 25 ಇದೆ, ಖಾಲಿ ಕೋಶವಿದೆ, ಸೊನ್ನೆಯಿದೆ, ಕೊನೆಯಲ್ಲಿ ಹೆಚ್ಚಿನ ಅಲ್ಪವಿರಾಮವಿರುವ ಸಾಲಿದೆ, ಮಧ್ಯರಾತ್ರಿ ದಾಟಿದ ಮಳೆಯಿದೆ. ಅದರ ಉತ್ತರಗಳನ್ನು ನಾವು ಕೈಯಲ್ಲಿ ಲೆಕ್ಕ ಮಾಡಿ ಬರೆದಿಟ್ಟಿದ್ದೇವೆ. ಯಾವ ನವೀಕರಣವಾದರೂ ಮೊದಲು ಆ ಹತ್ತು ಸಾಲು, ಆಮೇಲೆ ಉಳಿದದ್ದು. ಅಲ್ಲದೆ ಓದುವ ಸ್ಕ್ರಿಪ್ಟನ್ನು ಗ್ರಾಫ್ ಎಳೆಯುವ ಸ್ಕ್ರಿಪ್ಟಿನಿಂದ ಬೇರೆ ಮಾಡಿದ್ದೇವೆ. ಮೊದಲನೆಯದು ವರ್ಷ–ತಿಂಗಳು–ದಿನ ಎಂಬ ಕ್ರಮದಲ್ಲಿ ದಿನಾಂಕವಿರುವ ಶುದ್ಧ ಫೈಲೊಂದನ್ನು ಬರೆಯುತ್ತದೆ. ಎರಡನೆಯದು ಅದನ್ನು ಮಾತ್ರ ಓದುತ್ತದೆ. ಕಾಫಿ ಹಂಗಾಮಿನ ನಡುವೆ, ಅಂದರೆ ಗ್ರಾಫ್ ನೋಡಿ ಯಾರಾದರೂ ತೀರ್ಮಾನ ಮಾಡುವ ಹೊತ್ತಿನಲ್ಲಿ, ಆವೃತ್ತಿ ಬದಲಿಸುವುದಿಲ್ಲ.

ಹಳೆಯ ವರ್ಷಗಳ ಗ್ರಾಫ್‌ಗಳನ್ನು ಏನು ಮಾಡಿದಿರಿ ಎಂದು ಮುಂದಿನ ಸಾಲಿನಿಂದ ಪ್ರಶ್ನೆ ಬಂದಿದೆ. ಮೂಲ ಫೈಲುಗಳಿದ್ದ ವರ್ಷಗಳನ್ನು ಮತ್ತೆ ಓದಿಸಿ ಎಲ್ಲವನ್ನೂ ತಿದ್ದಿದೆವು. ಅಕಾಲ ಮಳೆಯ ಆ ಟಿಪ್ಪಣಿಯನ್ನು ಹಿಂತೆಗೆದುಕೊಂಡೆ. ಒಂದು ವರ್ಷದ ಮೂಲ ಫೈಲನ್ನು ನಾವು ಉಳಿಸಿಕೊಂಡಿರಲಿಲ್ಲ, ತಪ್ಪಾಗಿ ಓದಿದ ಫೈಲು ಮಾತ್ರ ಇತ್ತು. ದಿನಾಂಕಗಳ ಅದಲುಬದಲು ಎರಡನೆಯ ಸಲ ಮಾಡಿದರೆ ಮೊದಲಿನ ಜಾಗಕ್ಕೇ ಬರುವಂಥದ್ದಾದ್ದರಿಂದ, 12ರೊಳಗಿನ ದಿನಗಳನ್ನೆಲ್ಲ ಮತ್ತೊಮ್ಮೆ ತಿರುಗಿಸಿ ತಾರೀಖುಗಳನ್ನು ಪೂರ್ತಿ ಸರಿಪಡಿಸಬಹುದಾಯಿತು. ಎಸೆದುಹೋದ ಸಂಜೆಯ ಸಾಲುಗಳನ್ನು ಮಾತ್ರ ಮರಳಿ ಪಡೆಯಲು ದಾರಿಯಿರಲಿಲ್ಲ. ಅದಕ್ಕಾಗಿ ಮತ್ತೆ ಆ ತೋಟಕ್ಕೆ ಹೋದೆ. "ಗೌಡ್ರೇ, ನಿಮ್ಮ ರಿಜಿಸ್ಟರೇ ಸರಿ ಇತ್ತು, ತಪ್ಪು ನಮ್ಮದು, ಆ ವರ್ಷದ ಪುಸ್ತಕ ಒಮ್ಮೆ ಕೊಡ್ತೀರಾ" ಎಂದು ಕೇಳಿದೆ. ಅವರು ಕಾಫಿ ತರಿಸಿ, ಪುಸ್ತಕವನ್ನು ಮುಂದಿಟ್ಟು, ತಾವೇ ಒಂದೊಂದು ತಾರೀಖನ್ನೂ ಓದಿ ಹೇಳಿದರು. ಅವರದು ಇಂಚು–ಸೆಂಟಿನ ಲೆಕ್ಕ. ಒಂದು ಇಂಚಿಗೆ ನೂರು ಸೆಂಟು, ಮಿಲಿಮೀಟರಿನಲ್ಲಿ 25.4. ಒಂದು ಇಂಚು ಐದು ಸೆಂಟನ್ನು ಅವರು 1-05 ಎಂದು ಬರೆಯುತ್ತಾರೆ. ಅದನ್ನು ಎಕ್ಸೆಲ್‌ಗೆ ಹಾಗೇ ಹೊಡೆದರೆ ಅದೂ ತಾರೀಖಾಗಿಬಿಡುತ್ತದೆ ಎಂಬ ಎಚ್ಚರದಿಂದ ಇಂಚಿಗೊಂದು, ಸೆಂಟಿಗೊಂದು ಎಂದು ಎರಡು ಕಾಲಂ ಮಾಡಿ ಬರೆದುಕೊಂಡೆ. ಈಗ ತೋರಿಸುತ್ತಿರುವುದು ಆ ವರ್ಷದ ತಿದ್ದಿದ ಗ್ರಾಫ್. ಮಾಪಕದ ಮಳೆ ತುಂಬಿದ ಚುಕ್ಕೆಗಳಲ್ಲಿದೆ, ಅವರ ಪುಸ್ತಕದಿಂದ ತೆಗೆದುಕೊಂಡ ದಿನಗಳು ಟೊಳ್ಳು ವೃತ್ತಗಳಲ್ಲಿವೆ. ಏಪ್ರಿಲ್ 3ರ ಮೇಲಿರುವುದು ಟೊಳ್ಳು ವೃತ್ತ.